‘ಇಸ್ಲಾಮೀ ರಾಜ್ಯ’ ಭಾವನೆಯೂ ವಿದ್ಯಾರ್ಥಿಸಮ್ಮೇಳನವೂ

‘ಇಸ್ಲಾಮೀ ರಾಜ್ಯ’ವನ್ನು ಕುರಿತು ವಿದ್ಯಾರ್ಥಿಗಳ ಸಮ್ಮೇಳನವನ್ನೇರ್ಪಡಿಸುವವರು ಮೊದಲು ಶಬ್ದವಿಚಾರವನ್ನು ಮಾಡುವುದು ಯುಕ್ತವು. ಅರಬ್ಬಿಯ ‘ದೌಲಾ’ ಶಬ್ದಕ್ಕೆ ಸರದಿಯೆಂಬುದು ಮೂಲಾರ್ಥ. ಅಬ್ಬಾಸೀಯರ ಕಾಲದಿಂದ ಅದು ರಾಜವಂಶವನ್ನೂ, ಆಧುನಿಕ ಕಾಲದಲ್ಲಿ ರಾಜ್ಯವನ್ನೂ ಸೂಚಿಸಿತು. ಪಾರಸಿಯ ಮೂಲಕ ಕನ್ನಡಕ್ಕೆ ಬಂದ ‘ದೌಲತ್ತು’ ವೈಭವ, ದರ್ಪಗಳ ಅರ್ಥದಲ್ಲಿ ನಿಂತಿತು.

ಭಾವನೆಯೂ ಶಬ್ದದಂತೆಯೇ ಏಕರೂಪವಾದುದಲ್ಲ. 1058ರಲ್ಲಿ ಗತಿಸಿದ ಮಾವರ್ದಿಯು ಧರ್ಮರಕ್ಷಣೆಗೂ ಲೋಕವ್ಯವಹಾರಕ್ಕೂ ಖಲೀಫನು ಅವಶ್ಯನೆಂದನು. 1924ರಲ್ಲಿ ತುರ್ಕಿಯು ಆ ಪದವಿಯನ್ನೇ ರದ್ದುಪಡಿಸಿತು. ಮರುವರ್ಷ ಈಜಿಪ್ಟಿನ ಅಲೀ ಅಬ್ದುಲ್ ರಾಜಿಕರು ಇಸ್ಲಾಂ ಯಾವ ನಿರ್ದಿಷ್ಟ ರಾಜ್ಯಪದ್ಧತಿಯನ್ನೂ ವಿಧಿಸಿಲ್ಲವೆಂದು ವಾದಿಸಲು, ಅಲ್-ಅಜ್ಹರಿನ ವಿದ್ವತ್ಪರಿಷತ್ತು ಅವರ ಪದವಿಯನ್ನು ಕಸಿದುಕೊಂಡಿತು. ಭಾರತದಲ್ಲಿ ಮೌದೂದಿಯವರು ಸಾರ್ವಭೌಮತ್ವವು ದೇವರಿಗೇ ಸಲ್ಲುವುದೆಂದರು. ಹುಸೇನ್ ಅಹಮದ್ ಮದನಿಯವರು 1938ರಲ್ಲಿ ಸರ್ವಮತೀಯರ ಏಕರಾಷ್ಟ್ರವನ್ನು ಸಮರ್ಥಿಸಿದರು.

ಆದುದರಿಂದ ಸಭೆಯು ಆಲಂಕಾರಿನಂತಹ ಊರಿನಲ್ಲಿಯೇ ಸೇರಲಿ, ನಗರದಲ್ಲಿಯೇ ಸೇರಲಿ, ಈ ಪಕ್ಷಗಳೆಲ್ಲವನ್ನೂ ವಿದ್ಯಾರ್ಥಿಗಳಿಂದಲೇ ಮಂಡಿಸಿ ಖಂಡಿಸಬೇಕು. ನಿರ್ಣಯವನ್ನು ಮೊದಲೇ ಬರೆದಿಟ್ಟಲ್ಲಿ ವಿಚಾರಕ್ಕೆ ಎಡೆಯಿರದು.