ದೋಣಿ ಗಾಳಿಗೆ ಮುಖ ತಿರುಗಿಸಿದಾಗ

ಆಷಾಢದ ಗಾಳಿ ದಾವಣಗೆರೆಗೆ ಹೊಸದಲ್ಲ. ವಿನೋಬನಗರದ ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಸೈಕಲ್ ತಿರುಗಿಸುವ ಹುಡುಗನಿಗೆ ಪಕ್ಕದಿಂದ ನುಗ್ಗಿದ ಗಾಳಿ ಹ್ಯಾಂಡಲ್ ಎಳೆದ ಅನುಭವ ಇದ್ದೇ ಇರುತ್ತದೆ. ಅವನು ಹ್ಯಾಂಡಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ. ನೆಲದ ಮೇಲೆ ಅಷ್ಟು ಸಾಕು. ನೀರಿನ ಮೇಲೆ, ಪುಟ್ಟ ಹಾಯಿದೋಣಿಯಲ್ಲಿ, ಅದೇ ಉಪಾಯ ಕೈಕೊಡುತ್ತದೆ.

ಹರಿಹರದ ಹೊಳೆಯಲ್ಲಿ ಹರಿಗೋಲು ಹುಟ್ಟುಹಾಕುವವನಿಗೆ ಈ ತೊಂದರೆಯಿಲ್ಲ. ಅವನ ಬಲ ತೋಳಿನದು. ಹಾಯಿದೋಣಿಗೆ ಗಾಳಿಯೇ ಬಲ. ಆ ಗಾಳಿಯೇ ಅದನ್ನು ತಿರುಗಿಸಲೂ ನೋಡುತ್ತದೆ. ಇದನ್ನು ಕಾಣಲು ಕಡಲಿಗೇ ಹೋಗಬೇಕೆಂದಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಹಾಯಿದೋಣಿ ಕಲಿತಿದ್ದಾರೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಸ್ಪರ್ಧೆಗಳು ನಡೆದಿವೆ. ಎನ್‌ಸಿಸಿ ನೌಕಾ ವಿಭಾಗದ ವಿದ್ಯಾರ್ಥಿಗಳು ಕಲಿಯುವುದು ಎಂಟರ್‌ಪ್ರೈಸ್ ಎಂಬ ಎರಡು ಹಾಯಿಗಳ ದೋಣಿಯಲ್ಲಿ. ಬ್ರಿಟನ್ನಿನ ಜ್ಯಾಕ್ ಹೋಲ್ಟ್ ಇದನ್ನು 1956ರಲ್ಲಿ ರೂಪಿಸಿದರು. ಉದ್ದ ಸುಮಾರು 4 ಮೀಟರ್. ನಡೆಸಲು ಇಬ್ಬರು ಬೇಕು.

ಇಂಥ ದೋಣಿಯಲ್ಲಿ ಹೊಸಬನೊಬ್ಬ ಚುಕ್ಕಾಣಿ ಹಿಡಿದಿದ್ದಾನೆ ಎಂದುಕೊಳ್ಳಿ. ಗಾಳಿ ಹಿತವಾಗಿರುವಾಗ ಎಲ್ಲವೂ ಸರಾಗ. ಒಮ್ಮೆಗೇ ಗಾಳಿ ಜೋರಾಗುತ್ತದೆ. ದೋಣಿ ವಾಲುತ್ತದೆ, ಮೂತಿ ಗಾಳಿ ಬರುವ ಕಡೆಗೆ ಹೊರಳುತ್ತದೆ. ಅದನ್ನು ನೇರಮಾಡಲು ಅವನು ಚುಕ್ಕಾಣಿಯ ಹಿಡಿಯನ್ನು ತನ್ನ ಕಡೆಗೆ ಎಳೆಯುತ್ತಾನೆ, ಇನ್ನೂ ಎಳೆಯುತ್ತಾನೆ. ಕೊನೆಗೆ ದೋಣಿ ಅವನ ಮಾತು ಮೀರಿ ಗರಕ್ಕನೆ ಗಾಳಿಗೆ ಮುಖಮಾಡಿ ನಿಲ್ಲುತ್ತದೆ. ಹಾಯಿ ಪಟಪಟ ಬಡಿದುಕೊಳ್ಳುತ್ತದೆ. ಚುಕ್ಕಾಣಿಯ ಮೇಲಿನ ಆ ಎಳೆತಕ್ಕೆ ನಾವಿಕರು ‘ವೆದರ್ ಹೆಲ್ಮ್’ ಎನ್ನುತ್ತಾರೆ. ಹತೋಟಿ ತಪ್ಪಿ ತಿರುಗುವುದು ‘ರೌಂಡಿಂಗ್ ಅಪ್’. ಪಕ್ಕದಲ್ಲಿ ಇನ್ನೊಂದು ದೋಣಿಯಿದ್ದರೆ ಡಿಕ್ಕಿ; ಹಾಯಿಯ ಹಗ್ಗ ಬಿಗಿಯಾಗಿಯೇ ಉಳಿದಿದ್ದರೆ ಮಗುಚಲೂಬಹುದು.

ಹೀಗೇಕಾಗುತ್ತದೆ? ಕಾರಣ ಎರಡು. ಮೊದಲನೆಯದು ಗಾಳಿಕೋಳಿಯ ನಿಯಮ. ದೋಣಿ ಅಡ್ಡಕ್ಕೆ ಜಾರದಂತೆ ತಡೆಯಲು ಅದರ ತಳದಿಂದ ನೀರಿಗೆ ಒಂದು ಹಲಗೆ ಇಳಿದಿರುತ್ತದೆ. ದೋಣಿ ತಿರುಗುವುದು ಹೆಚ್ಚುಕಡಿಮೆ ಇದರ ಸುತ್ತಲೇ. ದೊಡ್ಡ ಹಾಯಿಯ ಬಲ ಬೀಳುವುದು ಈ ಹಲಗೆಯ ಹಿಂದೆ. ಅದು ಹಿಂಭಾಗವನ್ನು ದೂಡಿದಾಗ ಮೂತಿ ಗಾಳಿಯತ್ತ ತಿರುಗುತ್ತದೆ. ಮುಂದಿನ ಚಿಕ್ಕ ಹಾಯಿ ಮೂತಿಯನ್ನು ಆಚೆ ತಳ್ಳಿ ಇದನ್ನು ಸರಿದೂಗಿಸುತ್ತದೆ.

ಎರಡನೆಯದು ಜೋಡೆತ್ತಿನ ನಿಯಮ. ಬಲಗಡೆಯ ಎತ್ತು ಮಾತ್ರ ಜೋರಾಗಿ ಎಳೆದರೆ ಬಂಡಿ ಎಡಕ್ಕೆ ತಿರುಗುತ್ತದೆ. ದೋಣಿ ವಾಲಿದಾಗ ಹಾಯಿಯೂ ಪಕ್ಕಕ್ಕೆ ಚಾಚುತ್ತದೆ. ಮುಂದಕ್ಕೆ ಎಳೆಯುವ ಬಲ ವಾಲಿದ ಬದಿಯಲ್ಲಿ, ತಡೆಯುವ ನೀರು ದೋಣಿಯ ನಡುವಿನಲ್ಲಿ. ದೋಣಿ ವಾಲಿದ ಬದಿಗೆ ಎದುರಾಗಿ, ಅಂದರೆ ಗಾಳಿಯತ್ತ, ತಿರುಗದೆ ಇನ್ನೇನು ಮಾಡೀತು?

ಇದನ್ನು ಮನೆಯಲ್ಲೇ ಅರ್ಧದಷ್ಟು ಪರೀಕ್ಷಿಸಬಹುದು. ತಂಪುಪಾನೀಯದ ಸ್ಟ್ರಾ ಒಂದರ ನಡುವೆ ಗುಂಡುಸೂಜಿ ತೂರಿಸಿ, ಪೆನ್ಸಿಲ್ಲಿನ ತುದಿಯ ರಬ್ಬರಿಗೆ ಸಡಿಲವಾಗಿ ಚುಚ್ಚಿ. ಸ್ಟ್ರಾದ ಎರಡೂ ತುದಿ ಸೀಳಿ ದಪ್ಪ ಕಾಗದದ ತುಂಡುಗಳನ್ನು ನೆಟ್ಟಗೆ ಸಿಕ್ಕಿಸಿ: ಹಿಂದೆ ದೊಡ್ಡದು, ಮುಂದೆ ಚಿಕ್ಕದು. ಫ್ಯಾನಿನ ಎದುರು ಹಿಡಿದರೆ ಮುಂತುದಿ ಗಾಳಿಗೆ ಮುಖ ಮಾಡುತ್ತದೆ. ಹಿಂದಿನ ಕಾಗದವನ್ನು ಕತ್ತರಿಸುತ್ತ ಬನ್ನಿ, ಆ ಸೆಳೆತ ತಗ್ಗುತ್ತದೆ. ಸೂಜಿಯೇ ಹಲಗೆ, ಕಾಗದಗಳೇ ಹಾಯಿಗಳು.

ಪರಿಹಾರವೂ ಇದರಲ್ಲೇ ಇದೆ. ಹೊಸಬ ಚುಕ್ಕಾಣಿಯನ್ನೇ ನಂಬುತ್ತಾನೆ. ಆದರೆ ಅತಿಯಾಗಿ ಅಡ್ಡ ತಿರುಗಿಸಿದ ಚುಕ್ಕಾಣಿ ನೀರನ್ನು ಸೀಳುವುದಿಲ್ಲ. ಬ್ರೇಕಿನಂತೆ ವೇಗ ತಗ್ಗಿಸುತ್ತದೆ. ದೋಣಿ ಹೆಚ್ಚು ವಾಲಿದರೆ ಅದರ ಒಂದಷ್ಟು ಭಾಗ ನೀರಿನಿಂದ ಮೇಲೆದ್ದು ಹಿಡಿತವನ್ನೇ ಕಳೆದುಕೊಳ್ಳುತ್ತದೆ. ಆದ್ದರಿಂದ ಗಾಳಿ ಜೋರಾದೊಡನೆ ಮೊದಲು ಮಾಡಬೇಕಾದದ್ದು ದೊಡ್ಡ ಹಾಯಿಯ ಹಗ್ಗವನ್ನು ಸಡಿಲಬಿಡುವುದು. ಜೊತೆಗೇ ಇಬ್ಬರೂ ಗಾಳಿ ಬರುವ ಬದಿಗೆ ಸರಿದು, ಮೈಯನ್ನು ಹೊರಗೆ ಚಾಚಿ ದೋಣಿಯನ್ನು ಸಮಮಾಡಬೇಕು. ಮುಂದಿನ ಹಾಯಿಯ ಹಗ್ಗವನ್ನು ಆಗಲೇ ಬಿಡಬಾರದು. ತಳದ ಹಲಗೆ ಹಿಂದಕ್ಕೆ ಮಡಚುವಂಥದ್ದಾದರೆ ತುಸು ಮೇಲೆತ್ತಿದರೂ ಎಳೆತ ತಗ್ಗುತ್ತದೆ. ದಡಕ್ಕೆ ಬಂದ ಮೇಲೆ, ಕೂವೆಮರ ಅತಿಯಾಗಿ ಹಿಂದಕ್ಕೆ ಬಾಗಿದೆಯೇ ಎಂದು ನೋಡಬೇಕು.

ಹಾಗಾದರೆ ಈ ಎಳೆತ ದೋಷವೇ? ಪೂರ್ತಿ ಅಲ್ಲ. ಚುಕ್ಕಾಣಿಯನ್ನು 3ರಿಂದ 5 ಡಿಗ್ರಿ ತಿರುಗಿಸಿ ಹಿಡಿಯಬೇಕಾದಷ್ಟು ಎಳೆತವಿರುವುದು ಒಳ್ಳೆಯದೆಂದೇ ಬಲ್ಲವರು ಹೇಳುತ್ತಾರೆ. ಗಾಳಿಯ ಏರಿಳಿತ ಅಂಗೈಗೆ ತಿಳಿಯುವುದು ಅದರಿಂದಲೇ. ಕೈತಪ್ಪಿ ಚುಕ್ಕಾಣಿ ಬಿಟ್ಟರೂ ಅಂಥ ದೋಣಿ ತಾನಾಗಿ ಗಾಳಿಯತ್ತ ತಿರುಗಿ ವೇಗ ಕಳೆದುಕೊಳ್ಳುತ್ತದೆ. ಗಾಳಿಗೆ ಬೆನ್ನುಹಾಕಿ ಎಲ್ಲಿಗೋ ಓಡುವ ದೋಣಿಗಿಂತ ಅದು ಮೇಲು.

ಮಹಾಸಾಗರದಲ್ಲೂ ನಿಯಮ ಇದೇ. 2024ರ ಅಕ್ಟೋಬರ್ 2ರಂದು ಗೋವಾದಿಂದ ‘ತಾರಿಣಿ’ ಎಂಬ ಹಾಯಿನೌಕೆಯಲ್ಲಿ ಹೊರಟ ನೌಕಾಪಡೆಯ ದಿಲ್ನಾ ಮತ್ತು ರೂಪಾ, ಭೂಮಿಯನ್ನು ಸುತ್ತಿ 2025ರ ಮೇ 29ರಂದು ಮರಳಿದರು. ಅಂಥ ಯಾನದಲ್ಲಿ ಗಾಳಿ ಬಲಿತರೆ ಮೊದಲು ಹಾಯಿಯ ಹರವನ್ನೇ ಕಿರಿದುಮಾಡಬೇಕು. ಚುಕ್ಕಾಣಿಯೊಡನೆ ಗುದ್ದಾಡಿ ಗೆಲ್ಲಲಾಗದು.

ಪಾಲಕರಿಗೆ ಭಯ ಸಹಜ. ಮಗುವಿಗೆ ಈಜು ಬರಬೇಕು, ಮೈಮೇಲೆ ಲೈಫ್ ಜಾಕೆಟ್ ಇರಬೇಕು, ಪಕ್ಕದಲ್ಲಿ ರಕ್ಷಣಾ ದೋಣಿ ಮತ್ತು ತರಬೇತುದಾರ ಇರಬೇಕು. ಇವಿಷ್ಟೂ ಇಲ್ಲದ ಕಡೆ, ನೀರು ಎಷ್ಟೇ ಶಾಂತವಾಗಿ ಕಂಡರೂ, ಮಕ್ಕಳನ್ನು ಇಳಿಸಬಾರದು. ಇವೆಲ್ಲ ಇದ್ದಲ್ಲಿ ಮಕ್ಕಳು ಕಲಿಯುವ ಮೊದಲ ಪಾಠವೇ ಹಗ್ಗವನ್ನು ಯಾವಾಗ ಸಡಿಲಬಿಡಬೇಕು ಎಂಬುದು. ಅದನ್ನು ಕಲಿತವನ ದೋಣಿ ಮುಂದಿನ ಗಾಳಿಗೆ ಅಷ್ಟು ಸುಲಭವಾಗಿ ಮುಖ ತಿರುಗಿಸುವುದಿಲ್ಲ.