ಹಂದಿಯ ಚರ್ಮದಿಂದ ಕಾರ್ನಿಯ

ಕನ್ನಡಿಯಲ್ಲಿ ನಿಮ್ಮ ಕಣ್ಣನ್ನು ಗಮನಿಸಿ. ಅದರ ಬಿಳಿ ಭಾಗ, ಮುಂದಿನ ಪಾರದರ್ಶಕ ಕಾರ್ನಿಯ ಎರಡೂ ಮುಖ್ಯವಾಗಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳಿಂದಾದವು. ಬಿಳಿ ಭಾಗದಲ್ಲಿ ಎಳೆಗಳು ಅಸ್ತವ್ಯಸ್ತ, ಬೆಳಕು ಚದರುತ್ತದೆ. ಕಾರ್ನಿಯದಲ್ಲಾದರೋ ಸುಮಾರು 30 ನ್ಯಾನೊಮೀಟರ್ ದಪ್ಪದ ಎಳೆಗಳು ಕ್ರಮವಾಗಿ, ಒತ್ತಾಗಿವೆ. ಚದರಿದ ಅಲೆಗಳು ವ್ಯತಿಕರಣದಿಂದ ಒಂದನ್ನೊಂದು ಅಳಿಸುತ್ತವೆ.

ಹಂದಿಯ ಚರ್ಮದಲ್ಲಿರುವುದೂ ಕೊಲಾಜನ್ನೇ. ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದ ತಂಡ ಅದನ್ನು ಶುದ್ಧೀಕರಿಸಿ, ಅಣುಗಳನ್ನು ಅಡ್ಡಬಂಧಗಳಿಂದ ಬಿಗಿದು ಪಾರದರ್ಶಕ ಪಟಲವಾಗಿಸಿತು. ಕೆರಟೊಕೋನಸ್ ರೋಗದಲ್ಲಿ ಕಾರ್ನಿಯ ತೆಳುವಾಗಿ ಶಂಕುವಿನಂತೆ ಉಬ್ಬುತ್ತದೆ. ಅದನ್ನು ತೆಗೆಯದೆ, ಸಣ್ಣ ಸೀಳಿನ ಮೂಲಕ ಒಳಗೆ ಈ ಪಟಲವನ್ನು ಸೇರಿಸಿದರು. 2022ರ ವರದಿಯಂತೆ ಭಾರತ, ಇರಾನ್‌ಗಳ 20 ರೋಗಿಗಳಲ್ಲಿ 14 ಮಂದಿ ಅಂಧರಾಗಿದ್ದರು. ಎರಡು ವರ್ಷಗಳ ನಂತರ ಒಬ್ಬರೂ ಅಂಧರಾಗಿರಲಿಲ್ಲ. ಪ್ರಯೋಗ ಚಿಕ್ಕದೇ ಸರಿ. ಪಟಲದಲ್ಲಿ ಜೀವಕೋಶಗಳೂ ಇಲ್ಲ. ಕಾರ್ನಿಯದ ನೀರನ್ನು ಹೊರಹಾಕುವ ಒಳಪದರದ ಕೋಶಗಳೇ ಸತ್ತಿದ್ದರೆ ಇದು ಸಾಲದು.