ನಿಮಗಿದು ಗೊತ್ತೇ? ಹೊರೆ ಹೇರುವ ಮೊದಲೇ ಬಿಗಿದ ಚಕ್ರ

◆ 1864ರವರೆಗೆ ಹುಣಸೂರಿನಲ್ಲಿ ಸೇನೆಯ ಸರಬರಾಜು ಇಲಾಖೆಯ ಕಾರ್ಖಾನೆಗಳಿದ್ದವು. ಚರ್ಮ ಹದ ಮಾಡುತ್ತಿದ್ದರು, ಬೂಟು ಹೊಲಿಯುತ್ತಿದ್ದರು, ಕಂಬಳಿ ನೇಯುತ್ತಿದ್ದರು, ಮರದ ಗಾಡಿಗಳನ್ನೂ ಕಟ್ಟುತ್ತಿದ್ದರು.

◆ ಎತ್ತಿನ ಗಾಡಿಯ ಚಕ್ರಕ್ಕೆ ತೊಡಿಸುವ ಕಬ್ಬಿಣದ ಪಟ್ಟಿ ಬೇಕೆಂದೇ ತುಸು ಚಿಕ್ಕದಾಗಿರುತ್ತದೆ. ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ತೊಡಿಸಿ, ಮೇಲೆ ನೀರು ಸುರಿಯುತ್ತಾರೆ. ಒಂದೂವರೆ ಮೀಟರ್ ವ್ಯಾಸದ ಪಟ್ಟಿ 400 ಡಿಗ್ರಿ ಬಿಸಿಯೇರಿದರೆ ಸುತ್ತಳತೆ ಎರಡು ಸೆಂ.ಮೀ.ಗೂ ಮಿಕ್ಕಿ ಬೆಳೆಯುತ್ತದೆ. ತಣಿಯುವಾಗ ಅದು ಕುಗ್ಗಬೇಕು, ಚಕ್ರ ಬಿಡದು. ಚಕ್ರ ತಡೆದದ್ದು 100 ಡಿಗ್ರಿಯಷ್ಟರ ಕುಗ್ಗುವಿಕೆಯನ್ನಷ್ಟೇ ಆದರೂ ಪಟ್ಟಿಯ ಪ್ರತಿ ಚದರ ಮಿ.ಮೀ.ನಲ್ಲಿ ಸುಮಾರು 240 ನ್ಯೂಟನ್ ಎಳೆತ ಹುಟ್ಟುತ್ತದೆ. ಸಾಧಾರಣ ಉಕ್ಕು 250ರ ಆಸುಪಾಸಿನಲ್ಲೇ ಸೋಲುತ್ತದೆ! ಮರ ಒಂದಿಷ್ಟು ಅಮುಕಿಕೊಳ್ಳುವುದರಿಂದ ಪಟ್ಟಿ ಬಚಾವು. ಗಾಡಿಗೆ ಇನ್ನೂ ಒಂದು ಮೂಟೆಯೂ ಏರಿಲ್ಲ, ನೋಡಿ.

◆ ಈ ಚಕ್ರ ಕಲ್ಲಿಗೆ ಬಡಿದರೆ ಏನಾಗುತ್ತದೆಂದು ಕಂಪ್ಯೂಟರಿನಲ್ಲಿ ನೋಡಬೇಕೇ? ವಸ್ತುವನ್ನು ಸಣ್ಣ ಸಣ್ಣ ತುಣುಕುಗಳಾಗಿಸಿ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನವಿದೆ. ಬಡಿತದಂಥ ಕ್ಷಣಿಕ ಘಟನೆಗೆ ಅದರಲ್ಲಿ 'ಎಕ್ಸ್‌ಪ್ಲಿಸಿಟ್' ಎಂಬ ದಾರಿ. ಉಕ್ಕಿನೊಳಗಿನ ಶಬ್ದದ ಅಲೆ ಒಂದು ತುಣುಕನ್ನು ದಾಟುವ ಹೊತ್ತಿಗಿಂತ ಉದ್ದದ ಹೆಜ್ಜೆಯನ್ನು ಅದು ಇಡಲಾರದು. ತುಣುಕು 5 ಮಿ.ಮೀ. ಇದ್ದರೆ ಹೆಜ್ಜೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ. 5 ಮಿಲಿಸೆಕೆಂಡಿನ ಬಡಿತಕ್ಕೆ 5,000 ಹೆಜ್ಜೆ ಸಾಕು. ಪಟ್ಟಿ ಒಂದು ನಿಮಿಷ ತಣಿಯುವುದನ್ನೂ ಇದೇ ದಾರಿಯಲ್ಲಿ ಹಿಡಿಯಲು ಹೊರಟರೆ 6 ಕೋಟಿ! ಅದಕ್ಕೇ ಜಾಣರು ತಣಿಯುವುದನ್ನು ದೊಡ್ಡ ಹೆಜ್ಜೆಯ 'ಇಂಪ್ಲಿಸಿಟ್' ವಿಧಾನದಲ್ಲಿ ಒಮ್ಮೆ ಮುಗಿಸಿ, ಬಂದ ಒಳ ಎಳೆತವನ್ನು, ಅಂದರೆ ಸ್ಟ್ರೆಸ್ ಅನ್ನು, ಬಡಿತದ ಲೆಕ್ಕಕ್ಕೆ ದಾಟಿಸುತ್ತಾರೆ. ಹತ್ತು ಬಗೆಯ ಕಲ್ಲುಗಳಿಗೆ ಬಡಿದು ನೋಡಬೇಕಿದ್ದರೂ ತಣಿಸುವುದು ಒಂದೇ ಸಲ.

◆ ಸ್ಟ್ರೆಸ್ ಎಂದರೆ ಒಂದೇ ಅಂಕಿಯಲ್ಲ. ಮೂರು ಆಯಾಮದ ಮಾದರಿಯಲ್ಲಿ ಒಂದೊಂದು ಬಿಂದುವಿಗೂ 6 ಅಂಕಿ. ತುಣುಕಿಗೆ 8 ಬಿಂದುಗಳಂತೆ ಹತ್ತು ಲಕ್ಷ ತುಣುಕುಗಳಿದ್ದರೆ 4.8 ಕೋಟಿ ಅಂಕಿಗಳು ಸಾಗಬೇಕು. ಎಲ್‌ಎಸ್-ಡೈನಾ ತಂತ್ರಾಂಶ ಇದಕ್ಕೆಂದೇ 'ಡೈನೈನ್' ಎಂಬ ಕಡತ ಬರೆದುಕೊಡುತ್ತದೆ.

◆ 'ಫೈನೈಟ್ ಎಲಿಮೆಂಟ್' ಎಂಬ ಹೆಸರನ್ನು ರೇ ಕ್ಲಫ್ 1960ರಲ್ಲಿ ಬಳಕೆಗೆ ತಂದರು. ಅದರ ಮೊದಮೊದಲ ದೊಡ್ಡ ಕೆಲಸಗಳಲ್ಲೊಂದು ಅಮೆರಿಕದ ನಾರ್‌ಫೋರ್ಕ್ ಅಣೆಕಟ್ಟೆಯ ಬಿರುಕು.

◆ ಅಣೆಕಟ್ಟೆಯೆಂದರೆ ನಮ್ಮ ಎಚ್.ಡಿ. ಕೋಟೆ ಸೀಮೆಯ ಕಬಿನಿ ಇದೆಯಲ್ಲ: 1974ರಲ್ಲಿ ಮುಗಿದದ್ದು, ಸಾಮರ್ಥ್ಯ 19.52 ಟಿಎಂಸಿ. ಇಂಥ ಕಟ್ಟೆಗೆ ಕಂಪ್ಯೂಟರಿನಲ್ಲಿ ಭೂಕಂಪದ ಪರೀಕ್ಷೆ ಮಾಡುವಾಗಲೂ ಮೊದಲು ಸ್ವಂತ ಭಾರ, ಆಮೇಲೆ ನೀರಿನ ಒತ್ತಡ, ಕೊನೆಗೆ ನಡುಕ. ಮಣ್ಣಿನ ಏರಿಯಿದ್ದರಂತೂ ಮೊದಲ ಹಂತ ಬಿಡುವಂತೆಯೇ ಇಲ್ಲ, ಮಣ್ಣಿನ ಗಟ್ಟಿತನವೇ ಅದು ಈಗಾಗಲೇ ಹೊತ್ತಿರುವ ಭಾರವನ್ನು ಅವಲಂಬಿಸಿದೆ.

◆ ಕೆ.ಆರ್. ನಗರದ ಮೇಲೆ ಹಾಸನಕ್ಕೆ ರೈಲು ಹೋಗುತ್ತದೆ. ಉದ್ದಕ್ಕೆ ಬೆಸೆದು ಬಿಗಿದ ಹಳಿ ಮೀಟರಿಗೆ 60 ಕೆ.ಜಿ. ತೂಕದ್ದಾದರೆ, ಬಿಸಿಲಿಗೆ ಅದರ ಬಿಸಿ ಒಂದು ಡಿಗ್ರಿ ಏರಿದರೂ ಒಳಗೆ ಸುಮಾರು ಎರಡು ಟನ್ ಅದುಮು ಸೇರುತ್ತದೆ. ರೈಲು ಬರಬೇಕೆಂದೇನಿಲ್ಲ.

◆ ಮತ್ತೆ ನಮ್ಮ ಚಕ್ರಕ್ಕೆ ಬಂದರೆ, ತಣಿದ ಲೆಕ್ಕದಿಂದ ಬಡಿತದ ಲೆಕ್ಕಕ್ಕೆ ಸ್ಟ್ರೆಸ್ ಮಾತ್ರ ದಾಟಿಸಿ, ಬಾಗಿದ ಆಕಾರವನ್ನು ಹಳೆಯ ಕಡತದಲ್ಲೇ ಬಿಟ್ಟರೆ ಲೆಕ್ಕ ಕೆಡುತ್ತದೆ. ಉಕ್ಕು ಎಲ್ಲೆಲ್ಲಿ ಶಾಶ್ವತವಾಗಿ ಹಿಗ್ಗಿದೆ, ಪಟ್ಟಿ ಮರವನ್ನು ಎಲ್ಲೆಲ್ಲಿ ಒತ್ತಿದೆ ಎಂಬುದೂ ಜೊತೆಗೆ ಹೋಗಬೇಕು. ಹೊಸ ಮಾದರಿಯ ತುಣುಕುಗಳ ಅಳತೆ ಬೇರೆಯಾದರೆ ಅಂಕಿಗಳನ್ನು ಅಂದಾಜಿನಲ್ಲಿ ಹಂಚಬೇಕಾಗುತ್ತದೆ, ಸಮತೋಲ ಅಷ್ಟಿಷ್ಟು ತಪ್ಪುತ್ತದೆ. ಪರೀಕ್ಷೆ ಸುಲಭ: ಕಲ್ಲನ್ನು ಪಕ್ಕಕ್ಕಿಟ್ಟು, ಹೊಸ ಹೊರೆಯಿಲ್ಲದೆ ಮಾದರಿಯನ್ನು ಓಡಿಸಿ. ಚಕ್ರ ತಾನಾಗಿಯೇ ಅದುರಿದರೆ ದಾಟಿಸಿದ್ದು ಸರಿಯಿಲ್ಲ.